ಸೀಲ್ ಹಲ್ಲಿನಲ್ಲಿ ಉಳಿದ ಊಟದ ಲೆಕ್ಕ

ದನಗಳ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಮೊದಲು ಅದರ ಬಾಯಿ ಬಿಡಿಸಿ ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದರಿಂದ ಅದರ ವಯಸ್ಸನ್ನು ಗೊತ್ತುಮಾಡಿಕೊಳ್ಳುತ್ತಾನೆ. ಹಲ್ಲು ವಯಸ್ಸನ್ನು ಹೇಳುತ್ತದೆಂಬುದು ಹೀಗೆ ನಮಗೆ ಹೊಸ ಸಂಗತಿಯಲ್ಲ. ಆದರೆ ಒಂದು ಪ್ರಾಣಿಯು ಮರಿಯಾಗಿದ್ದಾಗ ಎಂತಹ ಆಹಾರವನ್ನು ತಿಂದಿತು, ಐದನೆಯ ವರ್ಷದಲ್ಲಿ ಎಂತಹುದನ್ನು ತಿಂದಿತು ಎಂಬುದನ್ನೂ ಅದರ ಹಲ್ಲಿನಿಂದಲೇ ತಿಳಿಯಬಹುದೆಂದರೆ ಆಶ್ಚರ್ಯವಾಗದಿರದು. ಉತ್ತರ ಪೆಸಿಫಿಕ್ ಸಾಗರದ ಸೀಲ್‌ಗಳ ವಿಷಯದಲ್ಲಿ ವಿಜ್ಞಾನಿಗಳು ಇದನ್ನು ಸಾಧಿಸಿದ್ದಾರೆ. ಅದನ್ನು ಸಾಧಿಸಿದ ಬಗೆ ಯಾವುದು, ಅದರ ಅಗತ್ಯವಾದರೂ ಏನಿತ್ತು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಕಣ್ಣಿಗೆ ಕಾಣದ ಊಟ

ಸೀಲ್ ನಮ್ಮ ದೇಶದ ಕಡಲತೀರದಲ್ಲಿ ನೆಲಸಿದ ಪ್ರಾಣಿಯಲ್ಲ. ನಮ್ಮ ಹೊಳೆಗಳ ನೀರುನಾಯಿಯದು ಬೇರೆ ಕುಟುಂಬ, ಇದರದು ಬೇರೆ. ಸೀಲ್ ನಮ್ಮಂತೆಯೇ ಮರಿಗೆ ಹಾಲೂಡುವ ಸಸ್ತನಿ. ಆದರೆ ಅದರ ಕೈಕಾಲುಗಳು ಈಜುವುದಕ್ಕೆ ಅನುಕೂಲವಾಗಿ ಚಪ್ಪಟೆಯಾಗಿರುವುವು. ಕಡಲಸಿಂಹ, ತುಪ್ಪಳ ಸೀಲ್, ಆನೆಸೀಲ್ ಮೊದಲಾದವುಗಳೆಲ್ಲ ಇದೇ ದೊಡ್ಡ ಗುಂಪಿಗೆ ಸೇರಿದವು. ಮರಿಹಾಕುವುದಕ್ಕೂ ವಿಶ್ರಮಿಸುವುದಕ್ಕೂ ಇವು ದಡಕ್ಕೆ ಬರುತ್ತವೆ. ಬೇಟೆಯೆಲ್ಲ ನಡೆಯುವುದು ನೀರಿನ ಅಡಿಯಲ್ಲಿ, ಮನುಷ್ಯನ ಕಣ್ಣಿಗೆ ಮರೆಯಾಗಿ.

ಅಲಾಸ್ಕದ ಪಶ್ಚಿಮ ಭಾಗದಲ್ಲಿ ಸ್ಟೆಲ್ಲರ್ ಕಡಲಸಿಂಹಗಳ ಸಂಖ್ಯೆಯು ೧೯೭೦ರ ದಶಕದಿಂದ ೨೦೦೦ದ ವರೆಗಿನ ಅವಧಿಯಲ್ಲಿ ನೂರಕ್ಕೆ ಎಂಬತ್ತಕ್ಕಿಂತಲೂ ಹೆಚ್ಚು ಕುಗ್ಗಿತು. ೧೯೯೦ರಲ್ಲಿ ಅಮೆರಿಕದ ಸರಕಾರವು ಇವುಗಳನ್ನು ಅಪಾಯದ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ೧೯೯೭ರಲ್ಲಿ ಪಶ್ಚಿಮದ ಗುಂಪನ್ನು ಅಳಿವಿನ ಭೀತಿಯಲ್ಲಿರುವುದೆಂದು ಘೋಷಿಸಿತು. ಅದೇ ಕಡಲಿನಲ್ಲಿ ಪೊಲಾಕ್ ಎಂಬ ಮೀನನ್ನು ಹಿಡಿಯುವ ಬಹು ದೊಡ್ಡ ಉದ್ಯಮವು ನಡೆಯುತ್ತಿದೆ. ಕಡಲಸಿಂಹದ ಬಾಯಿಗೆ ಬೀಳಬೇಕಾದ ಮೀನನ್ನು ಬಲೆಯು ಬಾಚಿಕೊಂಡಿತೆ? ಅಥವಾ ಕಡಲಿನ ಹವೆಯೇ ಬದಲಾಗಿ, ಕೊಬ್ಬಿದ ಹೆರಿಂಗ್ ಮೀನು ಕಡಮೆಯಾಗಿ, ಕೊಬ್ಬಿಲ್ಲದ ಪೊಲಾಕ್ ಮೀನನ್ನೇ ತಿಂದು ಅವು ಸೊರಗಿದುವೆ? ಉತ್ತರವು ಮೊದಲನೆಯದಾದರೆ ಮೀನುಗಾರಿಕೆಯನ್ನು ತಡೆಯಬೇಕು. ಎರಡನೆಯದಾದರೆ ಬೆಸ್ತರ ಜೀವನೋಪಾಯವನ್ನು ಕಿತ್ತುಕೊಂಡೂ ಪ್ರಯೋಜನವಿಲ್ಲ. ಆದುದರಿಂದ ಈ ಪ್ರಾಣಿಗಳು ಹಿಂದೆ ಏನನ್ನು ತಿನ್ನುತ್ತಿದ್ದುವು, ಆಮೇಲೆ ಏನನ್ನು ತಿಂದುವು ಎಂಬ ಪ್ರಶ್ನೆಯು ಕೇವಲ ಕುತೂಹಲದ ಪ್ರಶ್ನೆಯಾಗಿ ಉಳಿಯಲಿಲ್ಲ.

ಹಳೆಯ ವಿಧಾನಗಳು ಎರಡು. ಒಂದು, ಸತ್ತ ಪ್ರಾಣಿಯ ಜಠರವನ್ನು ಸೀಳಿ ನೋಡುವುದು. ಇನ್ನೊಂದು, ದಡದ ಮೇಲೆ ಬಿದ್ದ ಮಲವನ್ನು ತೊಳೆದು ಸೋಸಿ, ಅದರಲ್ಲಿ ಉಳಿದಿರುವ ಮೀನಿನ ಕಿವಿಯೊಳಗಿನ ಸಣ್ಣ ಕಲ್ಲುಗಳನ್ನು ಗುರುತಿಸುವುದು. ಆ ಕಲ್ಲಿನ ಆಕಾರದಿಂದ ಮೀನಿನ ಜಾತಿಯನ್ನು ತಿಳಿಯಬಹುದು. ಆದರೆ ಇವೆರಡೂ ಕಡೆಯ ಒಂದೆರಡು ಊಟಗಳನ್ನು ಮಾತ್ರ ತಿಳಿಸುವುವು. ಮೂಳೆಯಿಲ್ಲದ ಮೆತ್ತನೆಯ ಆಹಾರವು ಕುರುಹೇ ಉಳಿಯದಂತೆ ಜೀರ್ಣವಾಗಿಹೋಗುವುದೂ ಉಂಟು. ಮೂವತ್ತು ವರ್ಷಗಳ ಹಿಂದಿನ ಊಟವನ್ನಂತೂ ಈ ದಾರಿಯಿಂದ ತಿಳಿಯುವ ಮಾತೇ ಇಲ್ಲ.

ಹಲ್ಲಿನ ಉಂಗುರಗಳು

ಮರವನ್ನು ಅಡ್ಡಲಾಗಿ ಕೊಯ್ದರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುವುದನ್ನು ಓದುಗರು ಬಲ್ಲರು. ಸೀಲ್‌ನ ಹಲ್ಲಿನಲ್ಲಿಯೂ ಇಂತಹ ಪದರಗಳುಂಟು. ೧೯೫೦ರಲ್ಲಿ ಅಮೆರಿಕದ ವಿಕ್ಟರ್ ಶೆಫರ್, ೧೯೫೨ರಲ್ಲಿ ಬ್ರಿಟನ್ನಿನ ರಿಚರ್ಡ್ ಲಾಸ್ ಇವರಿಬ್ಬರೂ ಈ ಪದರಗಳನ್ನು ಎಣಿಸಿ ಪ್ರಾಣಿಯ ವಯಸ್ಸನ್ನು ಹೇಳಬಹುದೆಂದು ತೋರಿಸಿದರು. ಲಾಸ್ ಪರೀಕ್ಷಿಸಿದುದು ದಕ್ಷಿಣದ ಆನೆಸೀಲ್‌ಗಳ ಹಲ್ಲುಗಳನ್ನು. ಆ ಪ್ರಾಣಿಗಳು ಮರಿಹಾಕುವಾಗಲೂ ಕೂದಲು ಉದುರಿಸುವಾಗಲೂ ದಡದ ಮೇಲೆ ಉಪವಾಸವಿರುವುವು. ಉಂಡ ಕಾಲ, ಉಪವಾಸದ ಕಾಲ ಎರಡೂ ಹಲ್ಲಿನಲ್ಲಿ ಬೇರೆಬೇರೆ ಪಟ್ಟೆಗಳಾಗಿ ನಿಲ್ಲುವುವು.

ಹಲ್ಲಿನ ಗಡುಸಾದ ಹೊರಹೊದಿಕೆಯ ಒಳಗೆ ಡೆಂಟೀನ್ ಎಂಬ ಪದಾರ್ಥವಿದೆ. ಇದು ಹೊರಗಿನಿಂದ ಒಳಕ್ಕೆ, ತಿರುಳಿನ ಕಡೆಗೆ, ಪದರದ ಮೇಲೆ ಪದರವಾಗಿ ಬೆಳೆಯುವುದು. ಮೂಳೆಯ ಪದಾರ್ಥವು ಜೀವಮಾನವೆಲ್ಲ ಸವೆದು ಹೊಸದಾಗುತ್ತಿರುತ್ತದೆ. ಡೆಂಟೀನ್ ಹಾಗಲ್ಲ; ಒಮ್ಮೆ ಕಟ್ಟಿದ ಪದರವು ಕಟ್ಟಿದಂತೆಯೇ ಉಳಿಯುತ್ತದೆ. ಇದರಲ್ಲಿ ಸುಣ್ಣದ ಲವಣಗಳ ಜೊತೆಗೆ ಕೊಲಾಜೆನ್ ಎಂಬ ಪ್ರೋಟೀನು ಹೆಣೆದುಕೊಂಡಿರುವುದು. ಆ ಪ್ರೋಟೀನಿನ ಇಂಗಾಲವೂ ಸಾರಜನಕವೂ ಆಯಾ ವರ್ಷ ಪ್ರಾಣಿಯು ತಿಂದ ಆಹಾರದಿಂದಲೇ ಬಂದವು.

ಭಾರದ ಪರಮಾಣು, ಹಗುರದ ಪರಮಾಣು

ಸಾರಜನಕದ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಎಲ್ಲದರ ಕೇಂದ್ರದಲ್ಲಿಯೂ ಏಳು ಪ್ರೋಟಾನುಗಳಿವೆ. ಆದರೆ ಬಹುಪಾಲಿನಲ್ಲಿ ಏಳು ನ್ಯೂಟ್ರಾನುಗಳೂ, ಕೆಲವೇ ಕೆಲವುಗಳಲ್ಲಿ ಎಂಟು ನ್ಯೂಟ್ರಾನುಗಳೂ ಇರುವುವು. ಮೊದಲನೆಯದನ್ನು ಸಾರಜನಕ-೧೪ ಎಂದೂ ಎರಡನೆಯದನ್ನು ಸಾರಜನಕ-೧೫ ಎಂದೂ ಕರೆಯುತ್ತಾರೆ. ಇಂತಹ ಪರಮಾಣುಗಳಿಗೆ ಸಮಸ್ಥಾನಿಗಳು, ಎಂದರೆ ಐಸೊಟೋಪುಗಳು, ಎಂದು ಹೆಸರು. ಇಂಗಾಲದಲ್ಲಿ ಹಾಗೆಯೇ ೧೨ ಮತ್ತು ೧೩ ಎಂಬ ಎರಡು ಬಗೆಗಳಿವೆ. ನೂರರಲ್ಲಿ ಸುಮಾರು ೧.೧ರಷ್ಟು ಮಾತ್ರ ಭಾರದವು. ಐಸೊಟೋಪು ಎಂದೊಡನೆ ವಿಕಿರಣದ ನೆನಪು ಬರುವುದು ಸಹಜ. ಇವು ವಿಕಿರಣ ಸೂಸುವ ಜಾತಿಯವಲ್ಲ. ಕಾಲ ಕಳೆದಂತೆ ಕ್ಷಯಿಸುವುದೂ ಇಲ್ಲ. ಆದುದರಿಂದಲೇ ಹಳೆಯ ಹಲ್ಲಿನ ಲೆಕ್ಕವು ಮಾಸದೆ ಉಳಿದಿರುತ್ತದೆ.

ಪ್ರಾಣಿಯು ಪ್ರೋಟೀನನ್ನು ಒಡೆದು ಬಳಸುವಾಗ ಹಗುರವಾದ ಸಾರಜನಕ-೧೪ ಮೂತ್ರದ ಮೂಲಕ ತುಸು ಹೆಚ್ಚಾಗಿ ಹೊರಬೀಳುತ್ತದೆ. ಭಾರವಾದ ಸಾರಜನಕ-೧೫ ತುಸು ಹೆಚ್ಚಾಗಿ ಮೈಯಲ್ಲಿ ಉಳಿಯುತ್ತದೆ. ತಿಂದವನ ಮೈಯಲ್ಲಿ ಭಾರದ ಸಾರಜನಕದ ಪಾಲು ತಿನ್ನಿಸಿಕೊಂಡವನದಕ್ಕಿಂತ ಸಾವಿರಕ್ಕೆ ಸುಮಾರು ಮೂರು ನಾಲ್ಕು ಅಂಶ ಹೆಚ್ಚಾಗಿರುವುದು. ಪಾಚಿಯನ್ನು ಸಣ್ಣ ಸೀಗಡಿಜಾತಿಯ ಜೀವಿ ತಿಂದರೆ ಒಂದು ಮೆಟ್ಟಿಲು. ಅದನ್ನು ಮೀನು ತಿಂದರೆ ಇನ್ನೊಂದು. ಮೀನನ್ನು ಸೀಲ್ ತಿಂದರೆ ಮತ್ತೊಂದು. ಸೀಲ್ ಯಾವ ಮೆಟ್ಟಿಲಿನ ಮೇಲಿದೆಯೆಂಬುದನ್ನು ಸಾರಜನಕವು ಹೀಗೆ ಸೂಚಿಸುವುದು.

ಇಂಗಾಲವು ಮೆಟ್ಟಿಲಿಗಿಂತ ಹೆಚ್ಚಾಗಿ ಸ್ಥಳವನ್ನು ಹೇಳುತ್ತದೆ. ಕರಾವಳಿಯ ಸಮೀಪದ ಮತ್ತು ಕಡಲ ತಳದ ಆಹಾರಸರಣಿಯಲ್ಲಿ ಸಾಮಾನ್ಯವಾಗಿ ಇಂಗಾಲ-೧೩ ಹೆಚ್ಚು. ದೂರದ ತೆರೆದ ಕಡಲಿನಲ್ಲಿ ಕಡಮೆ.

ಅಳೆಯುವ ಯಂತ್ರ

ಈ ವ್ಯತ್ಯಾಸಗಳು ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಾಳಿಯಲ್ಲಿರುವ ಹತ್ತು ಲಕ್ಷ ಸಾರಜನಕ ಪರಮಾಣುಗಳಲ್ಲಿ ಭಾರವಾದವು ಸುಮಾರು ೩,೬೬೦. ಆಹಾರದ ಒಂದು ಮೆಟ್ಟಿಲು ಏರಿದರೆ ಈ ಸಂಖ್ಯೆಗೆ ಕೂಡುವುದು ಸುಮಾರು ಹನ್ನೆರಡು ಮಾತ್ರ! ಯಾವ ತಕ್ಕಡಿಯೂ ಇದನ್ನು ತೂಗಲಾರದು.

ಇದಕ್ಕೆ ಬೇಕಾದುದು ರಾಶಿ ರೋಹಿತಮಾಪಕ. ಮೊದಲು ಹಲ್ಲನ್ನು ಉದ್ದಕ್ಕೆ ಸೀಳಿ, ನಯವಾಗಿ ಉಜ್ಜಿ, ಸಣ್ಣ ಬೈರಿಗೆಯಿಂದ ಬೇಕಾದ ವರ್ಷದ ಪದರದ ಪುಡಿಯನ್ನಷ್ಟೇ ತೆಗೆಯುತ್ತಾರೆ. ದುರ್ಬಲ ಆಮ್ಲದಲ್ಲಿ ಅದರ ಸುಣ್ಣದ ಭಾಗವನ್ನು ಕರಗಿಸಿ ಕೊಲಾಜೆನ್ ಅನ್ನು ಉಳಿಸಿಕೊಂಡು, ಅದನ್ನು ಸುಟ್ಟು ಸಾರಜನಕ ಮತ್ತು ಇಂಗಾಲದ ಡೈ ಆಕ್ಸೈಡು ಅನಿಲಗಳನ್ನಾಗಿ ಮಾಡುತ್ತಾರೆ. ಅನಿಲದ ಅಣುಗಳಿಗೆ ವಿದ್ಯುದಂಶವನ್ನು ಕೊಟ್ಟು, ಓಡಿಸಿ, ಕಾಂತಕ್ಷೇತ್ರದಲ್ಲಿ ಹಾಯಿಸಿದರೆ ಅವುಗಳ ದಾರಿ ಬಾಗುತ್ತದೆ. ಹಗುರವಾದುದು ಹೆಚ್ಚು ಬಾಗುವುದು, ಭಾರವಾದುದು ಕಡಮೆ ಬಾಗುವುದು. ಒಂದೇ ತಿರುವಿನಲ್ಲಿ ಖಾಲಿ ಗಾಡಿಯನ್ನೂ ಹೇರುಗಾಡಿಯನ್ನೂ ಒಂದೇ ಬಲದಿಂದ ತಿರುಗಿಸಲು ಹೊರಟಂತೆ ಇದು. ೨೮ರ ತೂಕದ ಸಾರಜನಕದ ಅಣುಗಳು ಒಂದು ಬಟ್ಟಲಿಗೂ ೨೯ರವು ಪಕ್ಕದ ಬಟ್ಟಲಿಗೂ ಬೀಳುವುವು. ಎರಡೂ ಬಟ್ಟಲುಗಳ ವಿದ್ಯುತ್ಪ್ರವಾಹವನ್ನು ಹೋಲಿಸಿದರೆ ಪ್ರಮಾಣವು ದೊರೆಯುತ್ತದೆ. ಕೇಂಬ್ರಿಜ್‌ನ ಆಸ್ಟನ್ ೧೯೧೯ರಲ್ಲಿ ಇಂತಹ ಉಪಕರಣವನ್ನು ರಚಿಸಿ, ೧೯೨೨ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದನು. ಪರಮಾಣುವಿನ ತೂಕಕ್ಕಾಗಿ ಹುಟ್ಟಿದ ಯಂತ್ರವು ಸೀಲ್‌ನ ಊಟವನ್ನು ಅಳೆದೀತೆಂದು ಆಗ ಯಾರು ಎಣಿಸಿದ್ದರು?

ಹಲ್ಲು ಹೇಳಿದುದು

ಹಲ್ಲುಗಳ ಕೊರತೆಯೇನೂ ಇರಲಿಲ್ಲ. ಬೇರಿಂಗ್ ಸಮುದ್ರದ ಪ್ರಿಬಿಲಾಫ್ ದ್ವೀಪಗಳಲ್ಲಿ ತುಪ್ಪಳಕ್ಕಾಗಿ ಸೀಲ್‌ಗಳನ್ನು ಕೊಲ್ಲುವ ವ್ಯಾಪಾರವು ೧೯೮೪ರ ವರೆಗೆ ನಡೆಯಿತು. ಕೊಂದ ಪ್ರಾಣಿಗಳ ವಯಸ್ಸನ್ನು ತಿಳಿಯಲೆಂದು ಕೋರೆಹಲ್ಲುಗಳನ್ನು ಕಿತ್ತು, ವರ್ಷವನ್ನು ಬರೆದು ಕೂಡಿಡುತ್ತಿದ್ದರು. ೧೯೯೮ರಲ್ಲಿ ಕೀತ್ ಹಾಬ್ಸನ್ ಮತ್ತು ಜಾನ್ ಸೀಸ್ ಎಂಬವರು ಸ್ಟೆಲ್ಲರ್ ಕಡಲಸಿಂಹದ ಹಲ್ಲಿನ ಒಂದೊಂದು ವರ್ಷದ ಪದರದಿಂದಲೂ ಆಹಾರದ ದಾಖಲೆಯನ್ನು ಪಡೆಯಬಹುದೆಂದು ತೋರಿಸಿಕೊಟ್ಟರು. ಅನಂತರ ತುಪ್ಪಳ ಸೀಲ್‌ಗಳ ಹಳೆಯ ಹಲ್ಲುಗಳೂ ಯಂತ್ರದ ಮುಂದೆ ಬಂದುವು.

ಮೊದಲ ವರ್ಷದ ಪದರದಲ್ಲಿ ವಿಶೇಷವೊಂದು ಕಾಣುವುದು. ಹಾಲು ಕುಡಿಯುವ ಮರಿಯು ಒಂದರ್ಥದಲ್ಲಿ ತಾಯಿಯನ್ನೇ ತಿನ್ನುತ್ತಿದೆ. ಆದುದರಿಂದ ಅದು ತಾಯಿಗಿಂತ ಒಂದು ಮೆಟ್ಟಿಲು ಮೇಲಿರುವುದು. ಭಾರದ ಸಾರಜನಕ ಅದರಲ್ಲಿ ಹೆಚ್ಚು. ಹಾಲು ಬಿಟ್ಟೊಡನೆ ಅಂಕಿ ಇಳಿಯುವುದು. ಈ ಇಳಿತದ ಕಾಲವನ್ನು ನೋಡಿ ಮೊಲೆಬಿಟ್ಟ ವಯಸ್ಸನ್ನು ಊಹಿಸಬಹುದು. ಪ್ರಿಬಿಲಾಫ್‌ನ ತುಪ್ಪಳ ಸೀಲ್ ಮರಿಗಳು ಸುಮಾರು ನಾಲ್ಕು ತಿಂಗಳಿಗೆ ಹಾಲು ಬಿಡುತ್ತವೆ. ಆದರೆ ಕ್ಯಾಲಿಫೋರ್ನಿಯದ ತೀರದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳನ್ನು ಇದೇ ರೀತಿ ಪರೀಕ್ಷಿಸಿದಾಗ, ಅಲ್ಲಿಯ ಮರಿಗಳು ಹಿಂದೆ ಒಂದು ವರ್ಷವೋ ಅದಕ್ಕೂ ಹೆಚ್ಚೋ ಹಾಲು ಕುಡಿಯುತ್ತಿದ್ದುವೆಂದು ೨೦೦೭ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಒಂದು ಜಾತಿಯ ನಡವಳಿಕೆಯೇ ಕಾಲದೇಶಗಳಿಗೆ ತಕ್ಕಂತೆ ಇಷ್ಟು ಬದಲಾಗಬಲ್ಲುದೆಂಬುದು ಬೇರೆ ಯಾವ ಸಾಕ್ಷಿಯಿಂದಲೂ ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಾಣಿಗಳ ಮೈಯ ಇಂಗಾಲ-೧೩ರ ಪಾಲು ಇಳಿಯುತ್ತ ಬಂದುದೂ ಕಂಡುಬಂದಿತು. ಕಡಲಿನಲ್ಲಿ ಸೂಕ್ಷ್ಮಸಸ್ಯಗಳ ಬೆಳೆ ಕಡಮೆಯಾದರೆ ಹೀಗಾಗಬಹುದು. ಪ್ರಾಣಿಗಳು ಬೇಟೆಯ ಸ್ಥಳವನ್ನು ಬದಲಿಸಿದರೂ ಆಗಬಹುದು. ಮೂರನೆಯ ಕಾರಣವೂ ಒಂದುಂಟು. ಕಲ್ಲಿದ್ದಲು ಎಣ್ಣೆಗಳಲ್ಲಿ ಇಂಗಾಲ-೧೩ ಕಡಮೆ. ಮನುಷ್ಯನು ಅವುಗಳನ್ನು ಉರಿಸಿದ ಹೊಗೆ ಗಾಳಿಗೆ ಸೇರಿ, ಗಾಳಿಯಿಂದ ಕಡಲಿಗೆ ಇಳಿದು, ಪಾಚಿ ಮೀನುಗಳ ಮೂಲಕ ಸೀಲ್‌ನ ಹಲ್ಲನ್ನೂ ಮುಟ್ಟಿದೆ. ಇದನ್ನು ಸ್ಯೂಸ್ ಪರಿಣಾಮವೆನ್ನುತ್ತಾರೆ. ಇಷ್ಟನ್ನು ಕಳೆದು ಉಳಿದುದಕ್ಕೆ ಮಾತ್ರ ಬೇರೆ ಕಾರಣವನ್ನು ಹುಡುಕಬೇಕು.

ಹೇಳದಿರುವುದು

ಹಲ್ಲು ಮೀನಿನ ಹೆಸರನ್ನು ಹೇಳುವುದಿಲ್ಲ. ಒಂದೇ ಮೆಟ್ಟಿಲಿನಲ್ಲಿ ನಿಂತ, ಒಂದೇ ನೀರಿನಲ್ಲಿ ಬೆಳೆದ ಎರಡು ಜಾತಿಯ ಮೀನುಗಳಲ್ಲಿ ಸೀಲ್ ಯಾವುದನ್ನು ತಿಂದಿತೆಂಬುದನ್ನು ಸಾರಜನಕವು ಬೇರ್ಪಡಿಸಲಾರದು. ಮೆಟ್ಟಿಲುಗಳ ಬುಡದ ನೆಲವೇ ಏರಿಳಿದರೆ, ಎಂದರೆ ಪಾಚಿಯ ಸಾರಜನಕವೇ ಬದಲಾದರೆ, ಮೇಲಿನ ಅಂಕಿಗಳೆಲ್ಲ ಅದರೊಂದಿಗೆ ಏರಿಳಿಯುವುವು. ಇದಕ್ಕೆ ಈಗ ಒಂದು ಉಪಾಯವಿದೆ. ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಬಿಡಿಸಿ ಒಂದೊಂದನ್ನೂ ಪ್ರತ್ಯೇಕವಾಗಿ ಅಳೆಯುತ್ತಾರೆ. ಫಿನೈಲ್ ಅಲನಿನ್ ಎಂಬುದರ ಸಾರಜನಕ ಮೆಟ್ಟಿಲೇರಿದರೂ ಹೆಚ್ಚು ಬದಲಾಗದೆ ಬುಡದ ಮಟ್ಟವನ್ನು ಹೇಳುತ್ತದೆ. ಗ್ಲುಟಾಮಿಕ್ ಆಮ್ಲವು ಏರಿದ ಮೆಟ್ಟಿಲುಗಳನ್ನು ಹೇಳುತ್ತದೆ.

ಪೂರ್ವಭಾಗದ ಸ್ಟೆಲ್ಲರ್ ಕಡಲಸಿಂಹಗಳು ಚೇತರಿಸಿಕೊಂಡು ೨೦೧೩ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂದುವು. ಪಶ್ಚಿಮದ ಗುಂಪಿನ ಕುಸಿತಕ್ಕೆ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದು ಹಲ್ಲಿನಿಂದ ಮಾತ್ರವೇ ಸಾಧ್ಯವಾಗಿಲ್ಲ. ಆದರೂ ಬೆಸ್ತರ ಪರವಾಗಿ ಒಬ್ಬರು, ಕಡಲಸಿಂಹದ ಪರವಾಗಿ ಒಬ್ಬರು ವಾದಿಸುವಾಗ, ಇಬ್ಬರ ಊಹೆಯನ್ನೂ ಒರೆಹಚ್ಚುವ ಸಾಕ್ಷಿಯೊಂದು ದೊರೆತಂತಾಯಿತು. ವಯಸ್ಸನ್ನು ಎಣಿಸಿ ಮುಗಿಸಿದ ಮೇಲೆ ಆ ಹಲ್ಲುಗಳನ್ನು ಎಸೆದುಬಿಡಬಹುದಾಗಿತ್ತು. ಚೀಟಿ ಹಚ್ಚಿ ಜೋಪಾನಮಾಡಿದವರಿಗೆ ಐಸೊಟೋಪಿನ ಈ ಉಪಯೋಗವು ಗೊತ್ತಿರಲಿಲ್ಲ. ಅವರು ವರ್ಷವನ್ನೂ ಸ್ಥಳವನ್ನೂ ತಪ್ಪದೆ ಬರೆದಿಟ್ಟರು. ಆ ಚೀಟಿಯಿಲ್ಲದೆ ಎಷ್ಟು ಸೂಕ್ಷ್ಮವಾದ ಯಂತ್ರವಿದ್ದರೂ ಹಲ್ಲು ಯಾವ ಕಾಲದ ಮಾತನ್ನು ಆಡುತ್ತಿದೆಯೆಂಬುದು ನಮಗೆ ತಿಳಿಯುತ್ತಿರಲಿಲ್ಲ.