ಹಳೇ ರೀಲುಗಳ ಒಡೆಯ ಟೆಡ್ ಟರ್ನರ್!

ಚಿತ್ರ ಯಾರದ್ದು ಸ್ವಾಮಿ? ತೆಗೆದವನದೋ, ದುಡ್ಡು ಕೊಟ್ಟು ಡಬ್ಬಾ ಕೊಂಡವನದೋ? ಅಮೆರಿಕದಲ್ಲಿ ಈ ಜಗಳವನ್ನು ಬೀದಿಗೆ ತಂದ ಭೂಪ ಟೆಡ್ ಟರ್ನರ್. ಕೇಬಲ್ ಟೀವಿ ಕಟ್ಟಿದ ಧಣಿಗಳಲ್ಲಿ ಇಷ್ಟು ಖದರ್ ಇದ್ದ ಇನ್ನೊಬ್ಬನನ್ನು ನಾನಂತೂ ಕಾಣೆ.

1963ರಲ್ಲಿ ಅಪ್ಪ ಆತ್ಮಹತ್ಯೆ ಮಾಡಿಕೊಂಡಾಗ ಟರ್ನರ್‌ಗೆ ಬರೀ 24 ವರ್ಷ. ರಸ್ತೆ ಬದಿಯ ಜಾಹೀರಾತು ಬೋರ್ಡುಗಳ ವ್ಯಾಪಾರ ಹೆಗಲಿಗೆ ಬಿತ್ತು. ಹುಡುಗ ಅದನ್ನು ಮುಳುಗಿಸಲಿಲ್ಲ, ಬೆಳೆಸಿದ. 1970ರಲ್ಲಿ ಅಟ್ಲಾಂಟಾದ 17ನೇ ಚಾನೆಲ್ ಕೊಂಡ. ನಷ್ಟದಲ್ಲಿ ನರಳುತ್ತಿದ್ದ ಪುಟ್ಟ ಟೀವಿ ಕೇಂದ್ರ ಅದು. ಹೊಸ ಕಾರ್ಯಕ್ರಮ ಮಾಡೋಕೆ ಕಾಸೆಲ್ಲಿ? ಅಗ್ಗಕ್ಕೆ ಸಿಕ್ಕ ಹಳೇ ಚಿತ್ರ, ಹಳೇ ಧಾರಾವಾಹಿ, ಕುಸ್ತಿ, ಬೇಸ್‌ಬಾಲ್ ಹಾಕಿದ. ಜನ ನೋಡಿದರು!

1976ರ ಡಿಸೆಂಬರ್ 17ರಂದು ಅದೇ ಚಾನೆಲ್ಲನ್ನು ಉಪಗ್ರಹಕ್ಕೆ ಏರಿಸಿದ. ಊರೂರಿನ ಕೇಬಲ್‌ನವರು ದೊಡ್ಡ ಡಿಶ್ಶಿನಲ್ಲಿ ಹಿಡಿದು, ತಂತಿ ಎಳೆದು ಮನೆಮನೆಗೆ ಹಂಚಿದರು. ಲೋಕಲ್ ಚಾನೆಲ್ ದೇಶಕ್ಕೇ ಚಾನೆಲ್ ಆಯ್ತು. 1980ರ ಜೂನ್ 1ಕ್ಕೆ ಸಿಎನ್‌ಎನ್ ಶುರು. ದಿನದ 24 ಗಂಟೆಯೂ ಸುದ್ದಿ!

ಆದರೆ ನಮ್ಮಂಥ ಗಾಂಧಿ ಕ್ಲಾಸ್ ಮಂದಿಗೆ ಬೇಕಾದ ಕಥೆ ಮುಂದಿದೆ. 1986ರಲ್ಲಿ ಟರ್ನರ್ ಎಂಜಿಎಂ ಕಂಪನಿಯನ್ನೇ ಕೊಂಡ. ಸಾಲ ಕುತ್ತಿಗೆಗೆ ಬಂತು. ಕೆಲವೇ ತಿಂಗಳಲ್ಲಿ ಸ್ಟುಡಿಯೋ, ಹೆಸರು ಎಲ್ಲಾ ಮಾರಿದ. ಹಳೇ ಚಿತ್ರಗಳ ಭಂಡಾರ ಮಾತ್ರ ಬಿಡಲಿಲ್ಲ. ನೋಡಿ ಅವನ ಲೆಕ್ಕಾಚಾರ!

ಆಮೇಲೆ ಕಂಪ್ಯೂಟರ್‌ನಲ್ಲಿ ಕಪ್ಪು-ಬಿಳುಪಿಗೆ ಬಣ್ಣ ಬಳಿಸತೊಡಗಿದ. 'ಕಾಸಾಬ್ಲಾಂಕಾ'ಕ್ಕೂ ಬಣ್ಣ! ನಿರ್ದೇಶಕರು ಕೆಂಡವಾದರು. ಕೊಂಡವನು ನಾನು, ಚಿತ್ರ ನನ್ನದು ಅನ್ನೋದು ಆತನ ವಾದ. 'ಸಿಟಿಜನ್ ಕೇನ್' ಮಾತ್ರ ಬಚಾವಾಯ್ತು. ಆರ್ಸನ್ ವೆಲ್ಸ್‌ನ ಹಳೇ ಕರಾರು ಅಡ್ಡ ಬಂತು. ಜಾನ್ ಹಸ್ಟನ್‌ನ 'ದಿ ಆಸ್ಫಾಲ್ಟ್ ಜಂಗಲ್' ಫ್ರಾನ್ಸ್‌ನ ಕೋರ್ಟು ಹತ್ತಿತು. 1991ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಸೃಷ್ಟಿಸಿದವರ ಹಕ್ಕನ್ನೇ ಎತ್ತಿಹಿಡಿಯಿತು.

ನಮ್ಮಲ್ಲೂ ಅಣ್ಣಾವ್ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂದವು. ಬಣ್ಣದ 'ಕಸ್ತೂರಿ ನಿವಾಸ'ಕ್ಕೆ ನಾನೂ ಶಿಳ್ಳೆ ಹೊಡೆದವನೇ. ಆದರೂ ಹೇಳ್ತೀನಿ, ಕಪ್ಪು-ಬಿಳುಪಿನ ಮೂಲ ಪ್ರತಿ ಉಳಿಯಲೇಬೇಕು.

ಟರ್ನರ್‌ನನ್ನು ಬರೀ ಖಳನಾಯಕ ಅನ್ನೋಕೂ ಆಗಲ್ಲ. ಟಿಎನ್‌ಟಿ, ಟಿಸಿಎಂ ಎಂಬ ಎರಡು ಚಾನೆಲ್ ತೆರೆದ. ಎರಡರಲ್ಲೂ ಮೊದಲ ಚಿತ್ರ 1939ರ 'ಗಾನ್ ವಿತ್ ದಿ ವಿಂಡ್'! 1994ರಲ್ಲಿ ಬಂದ ಟಿಸಿಎಂ, ಹಳೇ ಚಿತ್ರಗಳನ್ನು ಕತ್ತರಿ ಹಾಕದೆ, ನಡುವೆ ಜಾಹೀರಾತು ತುರುಕದೆ ತೋರಿಸಿತು. ಡಬ್ಬಾದಲ್ಲಿ ಕೊಳೆಯಬೇಕಿದ್ದ ಎಷ್ಟೋ ಚಿತ್ರಗಳಿಗೆ ಪುನರ್ಜನ್ಮ.

1996ರಲ್ಲಿ ಕಂಪನಿಯನ್ನು ಟೈಮ್ ವಾರ್ನರ್‌ಗೆ ಸೇರಿಸಿದ. 2001ರಲ್ಲಿ ಅದು ಎಒಎಲ್ ಜತೆ ಒಂದಾಯ್ತು. ಆ ಹೊತ್ತಿಗೆ ತಾನೇ ಹೆತ್ತ ಚಾನೆಲ್‌ಗಳ ಆಡಳಿತ ಟರ್ನರ್ ಕೈ ತಪ್ಪಿತ್ತು. ಷೇರು ಕುಸಿದು ಕೋಟಿ ಕೋಟಿ ಡಾಲರ್ ಕರಗಿತು. 2003ರಲ್ಲಿ ಉಪಾಧ್ಯಕ್ಷನ ಕುರ್ಚಿಯನ್ನೂ ಬಿಟ್ಟ.

ಕೊಂಡವನೇ ಒಡೆಯ ಅಂತ ಗುಡುಗಿದ್ದವನಿಗೆ ಕಡೆಗೆ ಅದೇ ನ್ಯಾಯ ತಗುಲಿತು. ಏನಂತೀರಿ?