ಬಂದವರು ನಿಲ್ಲುವ ವೆಬ್‌ಸೈಟ್: ಐದು ತಪ್ಪು ಕಲ್ಪನೆಗಳು

ಮಲೆನಾಡಿನ ಹೋಮ್‌ಸ್ಟೇ ಇರಲಿ, ಊರಿನ ಸಹಕಾರ ಸಂಘ ಇರಲಿ, ಪುಟ್ಟ ಪುಸ್ತಕ ಪ್ರಕಾಶನ ಇರಲಿ, ಈಗ ಎಲ್ಲರಿಗೂ ಒಂದು ವೆಬ್‌ಸೈಟ್ ಬೇಕು. ಅದು ಚೆಂದ ಕಾಣಬೇಕೆಂಬ ಆಸೆಯೂ ಸರಿಯಾದದ್ದೇ. ಪುಟವೊಂದು ಹಿಡಿಸಿತೋ ಇಲ್ಲವೋ ಎಂಬುದನ್ನು ನೋಡುಗರು ಕೇವಲ 50 ಮಿಲಿಸೆಕೆಂಡುಗಳಲ್ಲಿ ಅಂದಾಜು ಮಾಡಿಬಿಡುತ್ತಾರೆ ಎಂದು ಕೆನಡಾದ ಸಂಶೋಧಕಿ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಆದರೆ ಹಾಗೆ ಮೆಚ್ಚಿ ಒಳಗೆ ಬಂದವರು ಉಳಿಯುವುದು ತಾವು ಹುಡುಕಿದ್ದು ಸಲೀಸಾಗಿ ಸಿಕ್ಕಾಗ ಮಾತ್ರ. ನಾವು ಎಡವುವುದು ಇಲ್ಲೇ.

ತಪ್ಪು ಕಲ್ಪನೆ 1: ಮುಖಪುಟದಲ್ಲಿ ಚಿತ್ರಗಳು ಸರಿಯುತ್ತಿದ್ದರೆ ಜನ ಆಕರ್ಷಿತರಾಗುತ್ತಾರೆ.

ಸತ್ಯ: ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಮುಖಪುಟದಲ್ಲಿ ಇಂಥ ಸರಿಯುವ ಚಿತ್ರಗಳನ್ನು ಎಷ್ಟು ಮಂದಿ ಒತ್ತುತ್ತಾರೆಂದು ಅಲ್ಲಿನ ವೆಬ್ ತಂಡದ ಎರಿಕ್ ರನ್ಯನ್ 2013ರ ಸುಮಾರಿಗೆ ಲೆಕ್ಕ ಹಾಕಿದರು. ಸಿಕ್ಕ ಉತ್ತರ ಸುಮಾರು ಶೇ 1. ಆ ಕ್ಲಿಕ್‌ಗಳಲ್ಲೂ ಬಹುಪಾಲು ಮೊದಲ ಚಿತ್ರಕ್ಕೇ ಬಿದ್ದಿದ್ದವು. ಓದಲು ಶುರುಮಾಡುವಷ್ಟರಲ್ಲಿ ಚಿತ್ರ ಜಾರಿಹೋದರೆ ಕಿರಿಕಿರಿಯೇ ಹೊರತು ಮೆಚ್ಚುಗೆಯಲ್ಲ. ಮೇಲಾಗಿ ಐದಾರು ಭಾರೀ ಫೋಟೊಗಳು ಪುಟವನ್ನು ನಿಧಾನ ಮಾಡುತ್ತವೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕೆಂಬುದು ಗೂಗಲ್ ಹಾಕಿಕೊಟ್ಟ ಅಳತೆ. ಒಂದೇ ಒಳ್ಳೆಯ ಫೋಟೊ, ಗಾತ್ರ ಇಳಿಸಿ ಹಾಕಿದರೆ ಸಾಕು.

ತಪ್ಪು ಕಲ್ಪನೆ 2: ಮೂರು ಕ್ಲಿಕ್ಕಿನೊಳಗೆ ಎಲ್ಲವೂ ಸಿಗದಿದ್ದರೆ ಜನ ಹೊರಟುಹೋಗುತ್ತಾರೆ.

ಸತ್ಯ: ವೆಬ್ ಬಳಕೆಯ ಸಂಶೋಧಕ ಜೋಶುವಾ ಪೋರ್ಟರ್ 2003ರಲ್ಲಿ ಇದನ್ನು ಪರೀಕ್ಷಿಸಿದಾಗ, ಮೂರನೆಯ ಕ್ಲಿಕ್ ದಾಟಿದೊಡನೆ ಬಿಟ್ಟುಹೋಗುವವರ ಸಂಖ್ಯೆ ಏರಲೇ ಇಲ್ಲ. ಸರಿಯಾದ ದಾರಿಯಲ್ಲಿದ್ದೇನೆ ಎಂಬ ನಂಬಿಕೆ ಇರುವವರೆಗೆ ಜನ ಮುಂದೆ ಹೋಗುತ್ತಾರೆ. ಆದ್ದರಿಂದ ಮುಖಪುಟಕ್ಕೆ ಎಲ್ಲವನ್ನೂ ತುರುಕಬೇಡಿ, ಹೆಸರುಗಳನ್ನು ಸ್ಪಷ್ಟವಾಗಿಡಿ. ‘ನಮ್ಮ ಸೇವೆಗಳು’ ಎಂದರೆ ಏನೂ ತಿಳಿಯದು, ‘ಕೊಠಡಿಗಳು ಮತ್ತು ಬಾಡಿಗೆ’ ಎಂದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ತಪ್ಪು ಕಲ್ಪನೆ 3: ತಿಳಿಬೂದು ಬಣ್ಣದ ಸಣ್ಣ ಅಕ್ಷರ ನಾಜೂಕಾಗಿ ಕಾಣುತ್ತದೆ.

ಸತ್ಯ: ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸವಿರಬೇಕೆಂದು ವೆಬ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇದು ದೃಷ್ಟಿದೋಷ ಉಳ್ಳವರಿಗಷ್ಟೇ ಅಲ್ಲ. ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ಮೊಬೈಲ್ ಹಿಡಿದವರಿಗೂ, ಚಾಳೀಸು ಬಂದವರಿಗೂ ಅಷ್ಟೇ ಬೇಕಾದದ್ದು.

ತಪ್ಪು ಕಲ್ಪನೆ 4: ಇಂಗ್ಲಿಷ್ ವಿನ್ಯಾಸದಲ್ಲೇ ಕನ್ನಡ ಅಕ್ಷರ ಕೂರಿಸಿದರೆ ಆಯಿತು.

ಸತ್ಯ: ಕನ್ನಡಕ್ಕೆ ತನ್ನದೇ ಜಾಗ ಬೇಕು. ‘ರಾಷ್ಟ್ರ’, ‘ಸ್ತ್ರೀ’ ಎಂಬ ಪದಗಳನ್ನು ನೋಡಿ: ಒತ್ತಕ್ಷರಗಳು ಕೆಳಗಿಳಿಯುತ್ತವೆ. ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಇವು ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತವೆ. ‘ಸೈನ್ ಅಪ್’ ಹಿಡಿಯುವ ಬಟನ್ನಿನಲ್ಲಿ ‘ನೋಂದಾಯಿಸಿಕೊಳ್ಳಿ’ ಹಿಡಿಯುವುದಿಲ್ಲ, ಕೊನೆಯ ಅಕ್ಷರಗಳು ಹೊರಗೆ ಚೆಲ್ಲುತ್ತವೆ. ಸಾಲಿನ ಅಂತರ ಹೆಚ್ಚಿಸಿ, ಬಟನ್ ಅಗಲಿಸಿ, ಮೊದಲಿನಿಂದಲೂ ಕನ್ನಡದ ಪಠ್ಯ ಇಟ್ಟುಕೊಂಡೇ ವಿನ್ಯಾಸ ಮಾಡಿಸಿ.

ಇನ್ನೊಂದು ದೊಡ್ಡ ತೊಡಕು ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟುಗಳು. ಅಂಥ ಬರಹವನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅದನ್ನು ತಪ್ಪಿಸಲು ಕೆಲವರು ಇಡೀ ಬರಹವನ್ನೇ ಚಿತ್ರವಾಗಿ ಹಾಕುತ್ತಾರೆ. ಆಗ ಫೋನ್ ನಂಬರ್ ಮೇಲೆ ಬೆರಳಿಟ್ಟರೆ ಕರೆ ಹೋಗುವುದಿಲ್ಲ, ವಿಳಾಸ ನಕಲಿಸಿಕೊಳ್ಳಲಾಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅದು ಬರೀ ಚಿತ್ರವೇ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡ ಇದೆ. ಹೊಸ ವೆಬ್‌ಸೈಟಿಗೆ ಬೇರೆ ದಾರಿ ಹುಡುಕುವ ಅಗತ್ಯವೇ ಇಲ್ಲ.

ತಪ್ಪು ಕಲ್ಪನೆ 5: ನಮಗೂ ಡಿಸೈನರ್‌ಗೂ ಒಪ್ಪಿಗೆಯಾದರೆ ಕೆಲಸ ಮುಗಿಯಿತು.

ಸತ್ಯ: ಮಾಡಿಸಿದವರಿಗೆ ಯಾವುದು ಎಲ್ಲಿದೆ ಎಂದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ತೊಡಕು ಅವರಿಗೆ ಕಾಣುವುದೇ ಇಲ್ಲ. ಅದನ್ನು ಕಂಡುಹಿಡಿಯಲು ದುಬಾರಿ ಸಮೀಕ್ಷೆ ಬೇಕಿಲ್ಲ. ಐದು ಮಂದಿಯಿಂದ ಬಳಸಿ ನೋಡಿಸಿದರೆ ಬಹುಪಾಲು ತೊಂದರೆಗಳು ಬಯಲಾಗುತ್ತವೆ ಎಂದು ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದರು. ವೆಬ್‌ಸೈಟನ್ನು ಹಿಂದೆಂದೂ ನೋಡದ ಐವರ ಕೈಗೆ ಮೊಬೈಲ್ ಕೊಟ್ಟು, ‘ಶನಿವಾರಕ್ಕೆ ರೂಮ್ ಇದೆಯಾ ನೋಡಿ’ ಎಂದಷ್ಟೇ ಹೇಳಿ. ಸಹಾಯ ಮಾಡಬೇಡಿ, ವಿವರಿಸಬೇಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅದನ್ನು ಬರೆದುಕೊಳ್ಳಿ. ಬಣ್ಣ, ಚಿತ್ರಗಳ ಚರ್ಚೆಗೆ ಮೊದಲು ಆ ಪಟ್ಟಿಯನ್ನು ಸರಿಪಡಿಸಿ.