ತಳಕ್ಕಿಳಿದ ಚೂರಿನ ಸಾಕ್ಷಿ

1984ರ ಡಿಸೆಂಬರ್. ಇಂಗ್ಲೆಂಡಿನ ಸಸೆಕ್ಸ್‌ನ ಪಿಟ್ಶಮ್ ಫಾರ್ಮಿನಲ್ಲಿ 133ನೇ ನಂಬರಿನ ಹಸು ಬೆನ್ನು ಬಾಗಿಸಿ ನಿಂತಿತ್ತು. ದಿನ ಕಳೆದಂತೆ ಮೈ ಇಳಿಯಿತು, ತಲೆ ನಡುಗತೊಡಗಿತು, ಕಾಲು ಸ್ವಾಧೀನ ತಪ್ಪಿತು. ಫೆಬ್ರವರಿಯಲ್ಲಿ ಹಸು ಸತ್ತಿತು. ಇದೊಂದು ಹೊಸ ಕಾಯಿಲೆಯೆಂದು ವೇಬ್ರಿಡ್ಜ್‌ನ ಪಶುವೈದ್ಯ ಪ್ರಯೋಗಾಲಯ ಗುರುತಿಸಿದ್ದು 1986ರ ನವೆಂಬರ್‌ನಲ್ಲಿ. ಜನರ ಬಾಯಲ್ಲಿ ಅದು ಹುಚ್ಚು ಹಸು ಕಾಯಿಲೆ.

ಆ ಪ್ರಯೋಗಾಲಯದ ಜಾನ್ ವೈಲ್‌ಸ್ಮಿತ್ ರೋಗ ತಗುಲಿದ ದನಗಳು ತಿಂದದ್ದೇನೆಂದು ಜಾಲಾಡಿದರು. ಎಲ್ಲ ಕಡೆಯೂ ಸಿಕ್ಕಿದ್ದು ಮಾಂಸ-ಮೂಳೆ ಪುಡಿ ಬೆರೆಸಿದ ಪಶು ಆಹಾರ. ಹುಲ್ಲು ಮೇಯುವ ಜೀವಕ್ಕೆ ಮನುಷ್ಯ ಅದರ ಜಾತಿಯದ್ದೇ ಮೂಳೆ ತಿನ್ನಿಸಿದ್ದ. 1988ರ ಜುಲೈನಲ್ಲಿ ಬ್ರಿಟನ್ ದನಗಳಿಗೆ ಅದನ್ನು ತಿನ್ನಿಸದಂತೆ ನಿಷೇಧಿಸಿತು. ಆದರೂ ನಿಷೇಧದ ನಂತರ ಹುಟ್ಟಿದ 40,000ಕ್ಕೂ ಹೆಚ್ಚು ದನಗಳಿಗೆ ರೋಗ ಬಂತು! ಹಂದಿ, ಕೋಳಿಗಳ ಆಹಾರಕ್ಕೆ ಆ ಪುಡಿ ಇನ್ನೂ ಸೇರುತ್ತಿತ್ತು; ಅದೇ ಗಿರಣಿಗಳಿಂದ ದನದ ಆಹಾರಕ್ಕೂ ಬೆರೆಯುತ್ತಿತ್ತು. ರೋಗ ಮನುಷ್ಯರಿಗೂ ದಾಟಿ, ಬ್ರಿಟನ್ನಿನಲ್ಲೇ 170ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2001ರಲ್ಲಿ ಯುರೋಪ್ ಒಕ್ಕೂಟ ಫಾರ್ಮಿನ ಪ್ರಾಣಿಗಳ ಆಹಾರದಲ್ಲೆಲ್ಲ ಇಂಥ ಪುಡಿಯನ್ನು ತಡೆಯಿತು. ಆದರೆ ಕಾನೂನು ಕಾಯಬೇಕಾದರೆ ಹಿಟ್ಟಿನೊಳಗೆ ಅಡಗಿದ್ದು ಕಾಣಬೇಕಲ್ಲ?

ಕಾಣಿಸಿದ್ದು ಹಳೆಯ ಸೂಕ್ಷ್ಮದರ್ಶಕವೇ. ಹತ್ತು ಗ್ರಾಂ ಆಹಾರವನ್ನು ಪುಡಿಮಾಡಿ ಟೆಟ್ರಾಕ್ಲೋರೋಎಥಿಲೀನ್ ಎಂಬ ಭಾರದ ದ್ರವದಲ್ಲಿ ಕಲಕುತ್ತಾರೆ. ಹೊಟ್ಟು, ಕಾಳಿನ ಪುಡಿ ತೇಲುತ್ತವೆ; ಮೂಳೆ ತಳಕ್ಕಿಳಿಯುತ್ತದೆ. ಅಲಿಜಾರಿನ್ ಬಣ್ಣ ಹಾಕಿದರೆ ಮೂಳೆಯ ಚೂರು ಕೆಂಪಗಾಗುತ್ತದೆ. ಮಸೂರದಡಿ ಅದರಲ್ಲಿ ಪುಟ್ಟ ಗೂಡುಗಳು ಕಾಣುತ್ತವೆ, ಒಂದು ಕಾಲಕ್ಕೆ ಮೂಳೆಯ ಜೀವಕೋಶಗಳು ಕುಳಿತಿದ್ದ ಜಾಗಗಳು. ಮೊಟ್ಟೆಯಾಕಾರದ್ದಾದರೆ ನೆಲದ ಪ್ರಾಣಿಯದು, ಸಪೂರವಾಗಿ ಉದ್ದವಿದ್ದರೆ ಹೆಚ್ಚಾಗಿ ಮೀನಿನದು.

ಆದರೆ ಹಸುವೋ ಹಂದಿಯೋ ಎಂದು ಗೂಡು ಹೇಳದು. ಅದಕ್ಕೆಂದು 2013ರಲ್ಲಿ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯನ್ನೂ ಅಧಿಕೃತ ವಿಧಾನಕ್ಕೆ ಸೇರಿಸಿದರು. ಅದಕ್ಕೂ ಒಂದು ಮಿತಿ: ಹಾಲಿನ ಪುಡಿಯಲ್ಲೂ ಹಸುವಿನ ಡಿಎನ್ಎ ಇರುತ್ತದೆ. ಅದು ಹಾಲಿನದೋ ಮೂಳೆಯದೋ ಎಂದು ಪಿಸಿಆರ್‌ಗೆ ತಿಳಿಯದು. ಹಾಗಾಗಿ ಎರಡೂ ಬೇಕು.

ಗೊಂತಿಗೆ ಸುರಿದದ್ದನ್ನು ಹಸು ನಂಬಿ ತಿನ್ನುತ್ತದೆ. ಆ ನಂಬಿಕೆ ಉಳಿಸಲು ಯಾರೋ ದಿನವಿಡೀ ಮಸೂರದ ಮುಂದೆ ಕೂತು ಕೆಂಪು ಚೂರು ಹುಡುಕುತ್ತಾರೆ. ಸಿಗದಿರಲಿ ಎಂಬುದೇ ಅವರ ಹಾರೈಕೆ.